ಸಮದರವೋ, ಏರುದರವೋ?

ಸೇಡಂ ತಾಲ್ಲೂಕಿನ ಮಳಖೇಡದ ಬಳಿ ಆದಿತ್ಯನಗರವೆಂಬ ಸಿಮೆಂಟ್ ಕಾರ್ಖಾನೆಯ ವಸತಿಯಿದೆ. ಕಾರ್ಖಾನೆಯೆಂದ ಮೇಲೆ ಅಲ್ಪ ವೇತನದ ಕೆಲಸಗಾರನೂ ಇರುತ್ತಾನೆ, ಅವನ ಹದಿನಾರು ಪಟ್ಟು ಗಳಿಸುವ ಮೇಲಧಿಕಾರಿಯೂ ಇರಬಹುದು. ಇವರಿಬ್ಬರಿಂದ ಸರಕಾರವು ಯಾವ ಲೆಕ್ಕದಲ್ಲಿ ತೆರಿಗೆ ಪಡೆದರೆ ನ್ಯಾಯವೆನಿಸೀತು?

ಮೊದಲು ಎಲ್ಲರಿಗೂ ಒಂದೇ ಮೊತ್ತ ವಿಧಿಸುವ ಪದ್ಧತಿಯನ್ನು ನೋಡೋಣ. ನಮ್ಮ ರಾಜ್ಯದ ವೃತ್ತಿ ತೆರಿಗೆ ಅಂತಹುದು. ತಿಂಗಳಿಗೆ 25,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಂಬಳಕ್ಕೆ 2025ರ ಏಪ್ರಿಲ್‌ನಿಂದ ತಿಂಗಳಿಗೆ 200, ಫೆಬ್ರುವರಿಯಲ್ಲಿ ಮಾತ್ರ 300, ವರ್ಷಕ್ಕೆ ಒಟ್ಟು 2,500 ರೂಪಾಯಿ. ಸಂವಿಧಾನದ 276ನೆಯ ವಿಧಿ ಇದಕ್ಕಿಂತ ಹೆಚ್ಚಿಗೆ ಅವಕಾಶ ಕೊಡುವುದಿಲ್ಲ. ವರ್ಷಕ್ಕೆ ಮೂರು ಲಕ್ಷ ಗಳಿಸುವವನಿಗೆ ಇದು ನೂರಕ್ಕೆ 83 ಪೈಸೆ. 48 ಲಕ್ಷ ಗಳಿಸುವವನಿಗೆ ನೂರಕ್ಕೆ ಸುಮಾರು 5 ಪೈಸೆ! ಮೊತ್ತ ಸಮ, ಹೊರೆ ಅಸಮ. ಇನ್ನೊಂದು ವಿಚಿತ್ರವೂ ಇದರಲ್ಲಿದೆ. ಸಂಬಳ 24,900 ಇದ್ದವನು ಅಷ್ಟನ್ನೂ ಉಳಿಸಿಕೊಳ್ಳುತ್ತಾನೆ. ನೂರು ರೂಪಾಯಿ ಏರಿ 25,000 ಆದರೆ ಅವನ ಕೈಗೆ ಬರುವುದು 24,800.

ವರಮಾನ ತೆರಿಗೆಯಲ್ಲಿಯೂ ಹೀಗೆಯೇ ಆಗುವುದೆಂದು ಅನೇಕರು ಅಂಜುತ್ತಾರೆ. ಬಡ್ತಿ ಬಂದು ಮೇಲಿನ ಹಂತ ಮುಟ್ಟಿದರೆ ಇಡೀ ಸಂಬಳದ ಮೇಲೆ ಹೆಚ್ಚಿನ ದರ ಬೀಳುವುದೆಂಬುದು ಅವರ ಭಾವನೆ. ಇದು ತಪ್ಪು. 2025–26ರ ಹೊಸ ಪದ್ಧತಿಯಲ್ಲಿ ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆಯಿಲ್ಲ. ಮುಂದಿನ ಪ್ರತಿ ನಾಲ್ಕು ಲಕ್ಷಕ್ಕೂ ಕ್ರಮವಾಗಿ ಶೇಕಡ 5, 10, 15, 20, 25. 24 ಲಕ್ಷ ಮೀರಿದ ಭಾಗಕ್ಕೆ 30. ಹೆಚ್ಚಿನ ದರವು ಆ ಹಂತವನ್ನು ದಾಟಿದ ಹಣಕ್ಕೆ ಮಾತ್ರ. ತೆರಿಗೆಗೊಳಪಡುವ ವರಮಾನ 16 ಲಕ್ಷವಿದ್ದವನಿಗೆ ಹತ್ತು ಸಾವಿರ ಹೆಚ್ಚಿದರೆ ಎರಡು ಸಾವಿರ ತೆರಿಗೆಗೆ ಹೋಗುತ್ತದೆ, ಎಂಟು ಸಾವಿರ ಉಳಿಯುತ್ತದೆ. ಹನ್ನೆರಡು ಲಕ್ಷದವರೆಗಿನ ಸಂಬಳದಾರರಿಗೆ ಪೂರ್ಣ ರಿಯಾಯಿತಿಯುಂಟು. ಅಲ್ಲಿ ರಿಯಾಯಿತಿ ತಟ್ಟನೆ ನಿಂತು ನಷ್ಟವಾಗಬಾರದೆಂದು, ಗಡಿ ಮೀರಿದ ಹಣಕ್ಕಿಂತ ತೆರಿಗೆ ಹೆಚ್ಚಾಗದಂತೆ ಕಾನೂನೇ ತಡೆ ಹಾಕಿದೆ.

ಇದರ ಬದಲು ಸಮದರವಿದ್ದರೆ? ನಾಲ್ಕು ಲಕ್ಷ ಬಿಟ್ಟು, ಉಳಿದುದಕ್ಕೆಲ್ಲ ಶೇಕಡ 15 ಎಂದು ಕಲ್ಪಿಸಿಕೊಳ್ಳೋಣ. ಸೆಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. 24 ಲಕ್ಷದವನಿಗೆ ಎರಡು ಪದ್ಧತಿಗಳಲ್ಲಿಯೂ ತೆರಿಗೆ ಮೂರು ಲಕ್ಷವೇ. 16 ಲಕ್ಷದವನ ತೆರಿಗೆ 1,20,000ದಿಂದ 1,80,000ಕ್ಕೆ ಏರುತ್ತದೆ. 48 ಲಕ್ಷದವನದು 10,20,000ದಿಂದ 6,60,000ಕ್ಕೆ ಇಳಿಯುತ್ತದೆ. ಸಮದರದಲ್ಲಿಯೂ ಧನಿಕನು ಹೆಚ್ಚು ಕೊಡುತ್ತಾನೆಂಬುದು ದಿಟ. ವಿನಾಯಿತಿಯ ಮಿತಿಯಿರುವುದರಿಂದ ಅವನ ಸರಾಸರಿ ದರವೂ ತುಸು ಹೆಚ್ಚೇ. ಆದರೆ ಮೇಲಿನವನು ಇಳಿಸಿದ ಹೊರೆ ನಡುವಿನವರ ಹೆಗಲೇರುತ್ತದೆ.

ಸಮದರದ ಪಕ್ಷದವರು ಹೇಳುವುದರಲ್ಲಿ ಹುರುಳಿಲ್ಲದೆ ಇಲ್ಲ. ಲೆಕ್ಕ ಸುಲಭ, ನಿಯಮ ಎಲ್ಲರಿಗೂ ಒಂದೇ, ದುಡಿಮೆಗೆ ದಂಡವಿಲ್ಲ ಎನ್ನುತ್ತಾರೆ. ಹಂತಗಳ ಲೆಕ್ಕ ಅಂತಹ ಕಠಿಣವೇನೂ ಅಲ್ಲ. ಪ್ರೌಢಶಾಲೆಯ ವಿದ್ಯಾರ್ಥಿ ಐದು ನಿಮಿಷದಲ್ಲಿ ಮಾಡಬಲ್ಲ. ತೊಡಕೆಲ್ಲ ವಿನಾಯಿತಿ, ಕಡಿತಗಳಲ್ಲಿದೆ. ಮೂರು ಲಕ್ಷದವನ ಮನೆಯಲ್ಲಿ ಹತ್ತು ಸಾವಿರವೆಂದರೆ ತಿಂಗಳ ದಿನಸಿ. 48 ಲಕ್ಷದವನ ಮನೆಯಲ್ಲಿ ಹತ್ತು ಸಾವಿರ ಕಡಿಮೆಯಾದರೆ ಒಲೆ ಆರುವುದಿಲ್ಲ. ಕಳೆದುಕೊಂಡುದನ್ನು ಮಾತ್ರವಲ್ಲ, ಕಳೆದ ಮೇಲೆ ಉಳಿದುದನ್ನೂ ತೂಗಬೇಕು. ಆದ್ದರಿಂದ ಏರುದರವೇ ಹೆಚ್ಚು ನ್ಯಾಯವೆಂದು ನಮಗೆ ತೋರುತ್ತದೆ.

ಆದರೆ ಏರಿಕೆಗೂ ಮಿತಿಯಿರಬೇಕು. 1860ರಲ್ಲಿ ಜೇಮ್ಸ್ ವಿಲ್ಸನ್ ಈ ತೆರಿಗೆಯನ್ನು ಭಾರತಕ್ಕೆ ತಂದಾಗ ಇದ್ದುದು ಶೇಕಡ 2 ಮತ್ತು 4ರ ಎರಡೇ ದರ. 1973–74ರ ವೇಳೆಗೆ ಅತ್ಯುಚ್ಚ ದರವು ಮೇಲ್ತೆರಿಗೆ ಸೇರಿ 97.75 ಆಗಿತ್ತು! ಅಂದರೆ ಕೊನೆಯ ನೂರು ರೂಪಾಯಿಯಲ್ಲಿ ಗಳಿಸಿದವನಿಗೆ ಉಳಿಯುತ್ತಿದ್ದುದು ಎರಡೂಕಾಲು. ಹಣ ಬಚ್ಚಿಡುವುದು ಲಾಭಕರವಾಯಿತು. ಅತಿ ಏರಿದ ದರವೇ ತೆರಿಗೆಗಳ್ಳತನಕ್ಕೆ ಕಾರಣವೆಂದು ವಾಂಚೂ ಸಮಿತಿ 1971ರಲ್ಲಿಯೇ ಎಚ್ಚರಿಸಿತ್ತು. ಅತ್ತ ರಷ್ಯಾ 2001ರಲ್ಲಿ ಎಲ್ಲರಿಗೂ ಶೇಕಡ 13ರ ಸಮದರವನ್ನು ತಂದಿತು. 2021ರಲ್ಲಿ ಹೆಚ್ಚಿನ ವರಮಾನಕ್ಕೆ 15ರ ದರವನ್ನು ಸೇರಿಸಿತು. 2025ರಿಂದ ಅಲ್ಲಿ ಐದು ಹಂತಗಳಿವೆ.