ಕಡಲಿನಲ್ಲೊಂದು ಕಾವಲು: ಆಪೋ ದ್ವೀಪದ ನಿದರ್ಶನ

ಮೀನು ಹಿಡಿದೇ ಬದುಕಬೇಕಾದ ಜನ ತಮ್ಮ ಕಡಲಿನ ಒಂದು ಭಾಗವನ್ನು ತಾವೇ ಮುಚ್ಚಿಕೊಳ್ಳುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಫಿಲಿಪ್ಪೀನ್ಸಿನ ನೀಗ್ರೋಸ್ ದ್ವೀಪದ ಆಗ್ನೇಯ ತುದಿಯ ಬಳಿ ಇರುವ ಆಪೋ ದ್ವೀಪದಲ್ಲಿ ಇದು ನಡೆದಿದೆ. ಜ್ವಾಲಾಮುಖಿಯಿಂದುಂಟಾದ ಈ ದ್ವೀಪದ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಮೆ. ಸಾಗುವಳಿಗೆ ಒದಗುವ ನೆಲ ಅತ್ಯಲ್ಪವಾದುದರಿಂದ ಜೀವನವೆಲ್ಲ ಸುತ್ತಣ ಹವಳದ ದಿಬ್ಬಗಳನ್ನೇ ಆಶ್ರಯಿಸಿತ್ತು. 1970ರ ದಶಕದ ವೇಳೆಗೆ ಸಿಡಿಮದ್ದು, ಸಯನೈಡ್ ವಿಷ, ಕಲ್ಲು ಬಡಿದು ಮೀನನ್ನು ಬಲೆಗೆ ಅಟ್ಟುವ ‘ಮುರೋ-ಆಮಿ’ ಪದ್ಧತಿ ಇವುಗಳಿಂದ ಆ ದಿಬ್ಬಗಳು ಹಾಳಾಗುತ್ತ ಬಂದಿದ್ದವು.

ಡುಮಗೆಟೆ ನಗರದ ಸಿಲಿಮನ್ ವಿಶ್ವವಿದ್ಯಾನಿಲಯದ ಜೀವವಿಜ್ಞಾನಿ ಏಂಜೆಲ್ ಆಲ್ಕಾಲಾ (1929–2023) ಹಾಗೂ ಅವರ ಸಂಗಡಿಗರು 1979ರಲ್ಲಿ ಊರವರೊಡನೆ ಮಾತುಕತೆಗೆ ತೊಡಗಿದರು. ಊರವರು ಸುಲಭವಾಗಿ ಒಪ್ಪಲಿಲ್ಲ. ಸಮೀಪದ ಸುಮಿಲೋನ್ ದ್ವೀಪದಲ್ಲಿ 1974ರಿಂದ ಕಾದಿರಿಸಿದ್ದ ನೀರನ್ನು ಕೆಲವರು ಕಣ್ಣಾರೆ ಕಂಡುಬಂದ ಮೇಲೆಯೇ ಮನಸ್ಸು ಬದಲಾಯಿತು. 1982ರಲ್ಲಿ ಆಪೋವಿನ ಆಗ್ನೇಯ ಪಾರ್ಶ್ವದಲ್ಲಿ ಸುಮಾರು 450 ಮೀಟರುಗಳ ತೀರದ ಮುಂದಿನ ಕಡಲನ್ನು ಕಾವಲಾಗಿ ಬಿಟ್ಟರು. ಕಾಯುವವರೂ ಊರವರೇ.

ಇದರ ತತ್ತ್ವವನ್ನು ಕೊಂಚ ವಿವರಿಸಬೇಕು. ಶೃಂಗೇರಿಯ ತುಂಗೆಯ ಮೀನುಗಳನ್ನು ಬಲ್ಲ ನಮಗೆ ಹಿಡಿಯಬಾರದ ಮೀನೆಂಬ ಕಲ್ಪನೆ ಹೊಸತಲ್ಲ. ಆದರೆ ಅಲ್ಲಿ ರಕ್ಷಣೆ ಮೀನಿಗಾಗಿಯೇ. ಇಲ್ಲಿ ಎಲ್ಲೆ ದಾಟಿ ಹೊರಬಂದ ಮೀನು ಬೆಸ್ತನಿಗೆ ಸಲ್ಲುತ್ತದೆ. ಕಾವಲಿನೊಳಗೆ ಮೀನು ದೀರ್ಘಕಾಲ ಬದುಕಿ ದೊಡ್ಡದಾಗುತ್ತದೆ. ದೊಡ್ಡ ಹೆಣ್ಣುಮೀನು ಇಡುವ ಮೊಟ್ಟೆಗಳ ಸಂಖ್ಯೆ ಅದರ ಉದ್ದದ ಹೆಚ್ಚಳವನ್ನು ಬಹಳವಾಗಿ ಮೀರುತ್ತದೆ. ಮರಿಗಳು ಪ್ರವಾಹದೊಡನೆ ಹೊರಗೆ ಸಾಗುತ್ತವೆ. ಒಳಗೆ ದಟ್ಟಣೆಯಾದಾಗ ಬೆಳೆದ ಮೀನುಗಳೂ ಎಲ್ಲೆಯಾಚೆಗೆ ಸರಿಯುತ್ತವೆ. ಈ ಫಲ ಒಂದೆರಡು ವರ್ಷಗಳಲ್ಲಿ ಪೂರ್ಣವಾಗಿ ದೊರೆಯುವಂಥದಲ್ಲ. ಪರಭಕ್ಷಕ ಮೀನುಗಳ ಸಾಂದ್ರತೆ ಆಪೋವಿನಲ್ಲಿ ಹದಿನೆಂಟು ವರ್ಷಗಳವರೆಗೂ ಏರುತ್ತಲೇ ಇತ್ತೆಂದು ಆಲ್ಕಾಲಾ ಮತ್ತು ಆಸ್ಟ್ರೇಲಿಯದ ಗ್ಯಾರಿ ರಸ್ ಅವರ ಎಣಿಕೆಗಳು ತೋರಿಸಿವೆ.

ನಾಶಕ್ಕೆ ಅಷ್ಟು ಕಾಲ ಬೇಡ. ಸುಮಿಲೋನಿನಲ್ಲಿ 1984ರಲ್ಲಿ ಕಟ್ಟುಪಾಡು ಮುರಿದುಬಿತ್ತು. ಮೀನು ಹಿಡಿಯುವ ಕ್ಷೇತ್ರ ವಿಸ್ತಾರಗೊಂಡಿತಾದರೂ ಎರಡೇ ವರ್ಷಗಳೊಳಗೆ ಒಟ್ಟು ಹಿಡುವಳಿ ಅರ್ಧದಷ್ಟು ಕುಸಿಯಿತು. ನಮ್ಮ ಮಟ್ಟಿಗೆ ಇದೇ ಈ ವಿಷಯದಲ್ಲಿ ಅತ್ಯಂತ ಬಲವಾದ ಸಾಕ್ಷ್ಯ.

ಆಪೋವಿಗೆ ಮತ್ತೊಂದು ವರಮಾನವೂ ಬಂದಿತು. ಹವಳವನ್ನೂ ಕಡಲಾಮೆಗಳನ್ನೂ ನೋಡಲು ಮುಳುಗುಗಾರರು ಬರತೊಡಗಿದರು. ವಸತಿಗೃಹ, ದೋಣಿ ಬಾಡಿಗೆ, ಮಾರ್ಗದರ್ಶನ, ಹೆಂಗಸರ ಬಟ್ಟೆ ವ್ಯಾಪಾರ ಇವು ಬೆಳೆದವು. ಪ್ರವೇಶ ಶುಲ್ಕವೂ ಕೂಡಿತು. ಹಣ ಬಂದೆಡೆ ಅಧಿಕಾರದ ಪ್ರಶ್ನೆಯೂ ಬರುತ್ತದಷ್ಟೆ. 1994ರಲ್ಲಿ ದ್ವೀಪವು ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು. ಆಡಳಿತ ಒಂದು ಮಂಡಳಿಗೆ ಸೇರಿತು. ಶುಲ್ಕ ಸರ್ಕಾರದ ನಿಧಿಯನ್ನು ಸುತ್ತಿ ಬರಬೇಕಾಯಿತು. ತಾವು ಕಾದುದರ ಫಲ ತಮ್ಮ ಕೈಗೆ ತಡವಾಗಿ ಬರುತ್ತದೆಂದು ಊರವರು ಅಸಮಾಧಾನಪಟ್ಟರು. ಅದು ನ್ಯಾಯವಾದ ಅಸಮಾಧಾನವೆಂದೇ ನಮಗೆ ತೋರುತ್ತದೆ.

2011 ಮತ್ತು 2012ರ ಡಿಸೆಂಬರುಗಳಲ್ಲಿ ಬೀಸಿದ ಎರಡು ಚಂಡಮಾರುತಗಳು ಕಾವಲಿನೊಳಗಿನ ಹವಳವನ್ನು ಬಹುಮಟ್ಟಿಗೆ ನುಚ್ಚುನೂರು ಮಾಡಿದವು. ಬಳಿಕ ಆ ಭಾಗವನ್ನು ಯಾತ್ರಿಕರಿಗೂ ಮುಚ್ಚಲಾಯಿತು. ಮುಳುಗುಗಾರರು ದ್ವೀಪದ ಉಳಿದ ದಿಬ್ಬಗಳ ಕಡೆಗೆ ಹೋಗಬೇಕಾಯಿತು.