ಡಿಎನ್‌ಎ ಎಳೆಗಳಿಂದ ಸ್ವಯಂ ರಚನೆ: ಸಾರ್ವಜನಿಕರಿಗೆ ಮಾಹಿತಿ

ಸಕಲೇಶಪುರದ ಮಂಜರಾಬಾದ್ ಕೋಟೆಯು ಎಂಟು ಮೂಲೆಗಳ ನಕ್ಷತ್ರಾಕಾರದ್ದಾಗಿದ್ದು, ಅದನ್ನು ಕಟ್ಟಲು ಕಲ್ಲುಕುಟಿಗರು ಬೇಕಾಗಿದ್ದರು. 2006ರಲ್ಲಿ ಅಮೆರಿಕದ ಪಾಲ್ ರೋಥೆಮಂಡ್ ಅವರು ಡಿಎನ್‌ಎಯಿಂದ ರಚಿಸಿದ ಐದು ಮೂಲೆಗಳ ನಕ್ಷತ್ರಕ್ಕೆ ಕುಟಿಗರ ಅಗತ್ಯವಿರಲಿಲ್ಲ. ವೈರಾಣುವೊಂದರ ಉದ್ದನೆಯ ಎಳೆಯನ್ನು ಇನ್ನೂರಕ್ಕೂ ಹೆಚ್ಚು ಗಿಡ್ಡ ಎಳೆಗಳೊಂದಿಗೆ ಕಾಯಿಸಿ ತಣಿಸಿದಾಗ, ಎ-ಟಿ, ಜಿ-ಸಿ ಜೋಡಣೆಯ ನಿಯಮದಂತೆ ಅದು ತಾನಾಗಿಯೇ ಮಡಚಿಕೊಳ್ಳುತ್ತದೆ. ಅಂಚುಗಳು ಹೊಂದಿದಲ್ಲಿ ಇಂತಹ ತುಂಡುಗಳು ಸೇರಿ ದೊಡ್ಡ ರಚನೆಯಾಗುತ್ತವೆ. ಗಾತ್ರ ಹೆಚ್ಚಿದಂತೆ ತಪ್ಪು ಜೋಡಣೆಯ ಸಂಭವವೂ ಹೆಚ್ಚುತ್ತದೆ.

ಇಲ್ಲಿ ಡಿಎನ್‌ಎ ಕೇವಲ ಕಟ್ಟಡ ಸಾಮಗ್ರಿಯಾಗಿದ್ದು, ಯಾವುದೇ ವ್ಯಕ್ತಿಯ ವಂಶವಾಹಿ ಮಾಹಿತಿಯನ್ನು ಒಳಗೊಂಡಿರುವುದಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಡಾ. ಯಮುನಾ ಕೃಷ್ಣನ್ ಅವರ ತಂಡವು ಜೀವಂತ ಕೋಶದೊಳಗಿನ ಆಮ್ಲೀಯತೆಯನ್ನು ಅಳೆಯುವ ಡಿಎನ್‌ಎ ಸಾಧನದ ವಿವರವನ್ನು 2009ರಲ್ಲಿ ಪ್ರಕಟಿಸಿತು. ಕೋಶದ ತ್ಯಾಜ್ಯ ಅರಗಿಸುವ ಲೈಸೋಸೋಮ್‌ಗಳಲ್ಲಿ ಆಮ್ಲೀಯತೆ ಏರುಪೇರಾಗುವುದು ಕೆಲವು ಆನುವಂಶಿಕ ಕಾಯಿಲೆಗಳಲ್ಲಿ ಕಂಡುಬರುವುದರಿಂದ, ಈ ಅಳತೆಯು ರೋಗನಿದಾನಕ್ಕೆ ಮಹತ್ವದ್ದಾಗಿರುತ್ತದೆ.