ಬಾಕ್ಸ್ 30ಕ್ಕೇ ಯಾಕೆ ನಿಂತಿತು?

ವೆಬ್ ಪೇಜ್‌ನಲ್ಲಿ ಒಂದು ಬಾಕ್ಸ್ 0ಯಿಂದ ಶುರುವಾಗಿ ಹತ್ತು ಹತ್ತು ಪಿಕ್ಸೆಲ್ ಬಲಕ್ಕೆ ಸರಿಯಬೇಕು, 300 ತಲುಪಿದಾಗ ನಿಲ್ಲಬೇಕು ಅಂದುಕೊಳ್ಳೋಣ. ನಾವೆಲ್ಲ ಮೊದಲು ಬರೆಯೋ ಕೋಡ್ ಹೀಗಿರುತ್ತೆ: ಸ್ಟೈಲ್‌ನ ಲೆಫ್ಟ್ ಬೆಲೆ '300ಪಿಎಕ್ಸ್'ಗಿಂತ ಕಡಿಮೆ ಇದ್ದರೆ 10 ಕೂಡಿಸು. ರನ್ ಮಾಡಿ ನೋಡಿ, ಬಾಕ್ಸ್ 30ಕ್ಕೇ ನಿಂತುಬಿಡುತ್ತೆ. ಕನ್ಸೋಲ್‌ನಲ್ಲಿ ಎರರ್ ಕೂಡ ಇರಲ್ಲ.

ಕಾರಣ ಇಷ್ಟೇ. ಸ್ಟೈಲ್ ಬೆಲೆ ನಮ್ಮ ಕಣ್ಣಿಗೆ ಸಂಖ್ಯೆ, ಜಾವಾಸ್ಕ್ರಿಪ್ಟ್‌ಗೆ ಸ್ಟ್ರಿಂಗ್. ಎರಡು ಸ್ಟ್ರಿಂಗ್‌ಗಳನ್ನು ಅದು ನಿಘಂಟಿನ ಥರ ಒಂದೊಂದೇ ಅಕ್ಷರ ನೋಡಿ ಹೋಲಿಸುತ್ತೆ. ನಿಘಂಟಿನಲ್ಲಿ 'ಅರಮನೆ' ಮೊದಲು, 'ಆನೆ' ಆಮೇಲೆ; ಪದದ ಉದ್ದ ಲೆಕ್ಕಕ್ಕಿಲ್ಲ. ಇಲ್ಲೂ ಹಾಗೇ: 3ಕ್ಕೆ 3 ಸಮ, 0ಗೆ 0 ಸಮ. ಮೂರನೇ ಜಾಗದಲ್ಲಿ ಒಂದು ಕಡೆ 'ಪಿ', ಇನ್ನೊಂದು ಕಡೆ '0'. 'ಪಿ' ಅಕ್ಷರದ ಕೋಡ್ 112, '0'ಯ ಕೋಡ್ 48. ಹಾಗಾಗಿ '30ಪಿಎಕ್ಸ್' ದೊಡ್ಡದು ಅಂತ ತೀರ್ಪು!

ಬಲಗಡೆ ಬರೀ 300 ಅಂತ ಸಂಖ್ಯೆ ಕೊಟ್ಟರೆ? ಆಗ ಎಡಗಡೆಯ ಸ್ಟ್ರಿಂಗನ್ನು ಸಂಖ್ಯೆ ಮಾಡೋಕೆ ಹೋಗುತ್ತೆ. 'ಪಿಎಕ್ಸ್' ಅಡ್ಡ ಬಂದು ಸಿಗೋದು ನ್ಯಾನ್, ಅಂದ್ರೆ 'ಸಂಖ್ಯೆ ಅಲ್ಲ'. ನ್ಯಾನ್ ಜೊತೆ ಕಡಿಮೆನಾ, ಜಾಸ್ತಿನಾ ಅಂತ ಏನು ಕೇಳಿದರೂ ಉತ್ತರ ಫಾಲ್ಸ್. ಬಾಕ್ಸ್ ಹೊರಡೋದೇ ಇಲ್ಲ.

ಪಾರ್ಸ್‌ಫ್ಲೋಟ್ ಬಳಸಿದರೆ ಕೆಲಸ ಆಗುತ್ತೆ. ಅದು ಮೊದಲಲ್ಲಿರೋ ಸಂಖ್ಯೆಯನ್ನು ಓದಿ ಉಳಿದಿದ್ದನ್ನು ಬಿಡುತ್ತೆ. ಪಾರ್ಸ್‌ಇಂಟ್ ಆದ್ರೆ 12.5 ಇದ್ದದ್ದು 12 ಆಗುತ್ತೆ. ಎರಡು ವಿಷಯ ನೆನಪಿರಲಿ. ಒಂದು, ಯೂನಿಟ್ ಕಳೆದುಹೋಗುತ್ತೆ: 50 ಪಿಕ್ಸೆಲ್, 50% ಎರಡೂ ಬರೀ 50. ಇನ್ನೊಂದು, ಎಲಿಮೆಂಟ್‌ನ ಸ್ಟೈಲ್ ಪ್ರಾಪರ್ಟಿಗೆ ಇನ್‌ಲೈನ್ ಬೆಲೆ ಮಾತ್ರ ಗೊತ್ತು. ಸಿಎಸ್‌ಎಸ್ ಫೈಲ್‌ನಲ್ಲಿ ಕೊಟ್ಟಿದ್ದರೆ ಖಾಲಿ ಸ್ಟ್ರಿಂಗ್ ಬರುತ್ತೆ. ಆಗ ಗೆಟ್‌ಕಂಪ್ಯೂಟೆಡ್‌ಸ್ಟೈಲ್ ಬೇಕು. ಅದರಲ್ಲೂ 'ಆಟೋ' ಅಂತ ಬಂದರೆ ಪಾರ್ಸ್ ಮಾಡಿದಾಗ ಮತ್ತೆ ನ್ಯಾನ್.

ಇದೆಲ್ಲಕ್ಕಿಂತ ನೇರ ದಾರಿ ಒಂದಿದೆ. ಬಾಕ್ಸ್ ಎಲ್ಲಿದೆ ಅನ್ನೋದನ್ನು ಒಂದು ವೇರಿಯೇಬಲ್‌ನಲ್ಲಿ ಸಂಖ್ಯೆಯಾಗಿಯೇ ಇಟ್ಟುಕೊಳ್ಳೋಣ. ಕೂಡೋದು, ಹೋಲಿಸೋದು ಎಲ್ಲ ಅದರಲ್ಲೇ. ಸ್ಟೈಲ್‌ಗೆ ಬರೆಯುವಾಗ ಮಾತ್ರ 'ಪಿಎಕ್ಸ್' ಅಂಟಿಸೋಣ. ಪರದೆಯಿಂದ ವಾಪಸ್ ಓದೋ ತಾಪತ್ರಯವೇ ಇರಲ್ಲ.

ಇನ್ನೊಂದು ಮಾತು. ಬಾಕ್ಸ್ 100ರಿಂದ ಹೊರಟರೆ ಆ ಮೊದಲಿನ ಕೋಡೇ ಸರಿಯಾಗಿ 300ಕ್ಕೆ ನಿಲ್ಲುತ್ತೆ, ಯಾಕಂದ್ರೆ ಎರಡೂ ಕಡೆ ಮೂರು ಮೂರು ಅಂಕಿ. ಲ್ಯಾಬ್‌ನಲ್ಲಿ ಔಟ್‌ಪುಟ್ ಬಂತು ಅಂತ ಎದ್ದು ಹೋಗೋ ಮುಂಚೆ 9, 99, 100, 1000 ಕೊಟ್ಟು ಒಮ್ಮೆ ನೋಡೋಣ. ಇಂಥ ಬಗ್ ಅಡಗಿರೋದು ಅಂಕಿಗಳ ಎಣಿಕೆ ಬದಲಾಗೋ ಜಾಗದಲ್ಲೇ.